ಅಮ್ಮ ಕಲಿಸಿದ ಕೀರ್ತನೆ ಈಗ ಏಕೆ ಏನೂ ಹೇಳುತ್ತಿಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 47. ಐದನೆಯ ವಯಸ್ಸಿನಲ್ಲಿ ಅಮ್ಮ ನನಗೆ ಸತ್ಯವೇದದ, ಅಂದರೆ ಬೈಬಲಿನ, 23ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಿಸಿದರು; ದೇವರನ್ನು ಕುರುಬನೆಂದು ಕರೆದು ‘ಯೆಹೋವನು ನನಗೆ ಕುರುಬನು; ಕೊರತೆಪಡೆನು’ ಎಂದು ಆರಂಭವಾಗುವ ಹಾಡು ಅದು. ಅಂದಿನಿಂದ ಕುಟುಂಬ ಪ್ರಾರ್ಥನೆಯಲ್ಲಿ, ಸಂಡೇ ಸ್ಕೂಲಿನಲ್ಲಿ, ಪರೀಕ್ಷೆಯ ದಿನ, ಊರಿಗೆ ಹೊರಡುವಾಗ ಅದನ್ನು ಹೇಳುತ್ತಲೇ ಬಂದಿದ್ದೇನೆ. ಕಳೆದ ವರ್ಷ ಅಮ್ಮ ತೀರಿಕೊಂಡರು. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು ಎಷ್ಟು ಸಲ ಆ ಕೀರ್ತನೆ ಹೇಳಿದೆನೋ ಲೆಕ್ಕವಿಲ್ಲ. ನನ್ನೊಳಗೆ ಮಾತ್ರ ಏನೂ ಆಗಲಿಲ್ಲ. ಮಣ್ಣು ಮಾಡುವ ದಿನ ಎಲ್ಲರೂ ಸೇರಿ ಹೇಳಿದಾಗಲೂ ಮಗ್ಗಿ ಒಪ್ಪಿಸಿದ ಹಾಗಾಯಿತು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಇದು ವಿಶ್ವಾಸ ತಣ್ಣಗಾದುದರ ಗುರುತು ಎಂದರು. ಬೇರೊಬ್ಬರು, ‘ಕೊರತೆಪಡೆನು’ ಎಂಬ ಮಾತನ್ನು ನಂಬಿ ಹೇಳಿದ್ದರೆ ಅಮ್ಮ ಗುಣವಾಗುತ್ತಿದ್ದರು ಎಂದರು. ಗೆಳತಿ ಹೊಸ ಅನುವಾದ ಓದು ಎನ್ನುತ್ತಾಳೆ. ಬರುವ ತಿಂಗಳು ಅಮ್ಮನ ವರ್ಷದ ಸ್ಮರಣೆಯ ಪ್ರಾರ್ಥನಾಕೂಟದಲ್ಲಿ ಅದೇ ಕೀರ್ತನೆಯನ್ನು ನಾನೇ ಓದಿ ನಾಲ್ಕು ಮಾತು ಹೇಳಬೇಕಾಗಿದೆ. ಬರಿದಾದ ಮಾತುಗಳನ್ನು ಹೇಗೆ ಓದಲಿ?

ಉತ್ತರ: ಪ್ರಿಯ ಸಹೋದರಿಯವರೇ, ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬಲು ಪರಿಚಿತವಾದ ವಾಕ್ಯಭಾಗವೊಂದು ಮಾತನಾಡುವುದನ್ನು ನಿಲ್ಲಿಸಿದೆ. ಅದು ನಿಮ್ಮ ವಿಶ್ವಾಸದ ತಪ್ಪೇ ಎಂಬ ಭಯ ಹುಟ್ಟಿದೆ. ಅಮ್ಮನ ಸಾವಿಗೆ ಆ ತಪ್ಪೇ ಕಾರಣವಾಯಿತೇನೋ ಎಂಬ ನೋವು ಎಲ್ಲಕ್ಕಿಂತ ಆಳದಲ್ಲಿ ಕೂತಿದೆ. ಹಳ್ಳಿಯ ಸಭೆಗಳಲ್ಲಿ ಪಾಲಕನಾಗಿ (ಪಾಸ್ಟರ್), ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಸತ್ಯವೇದದ ಮೊದಲ ಭಾಗವಾದ ಹಳೆಯ ಒಡಂಬಡಿಕೆಯನ್ನು ಕಲಿಸುವವನಾಗಿ ನಾನು ಕಂಡದ್ದರ ಆಧಾರದಲ್ಲಿ ಹೇಳುತ್ತೇನೆ: ಮೊದಲನೆಯದು ತೀರ ಸಾಮಾನ್ಯ, ಎರಡನೆಯದು ತಪ್ಪು ತಿಳಿವಳಿಕೆ, ಮೂರನೆಯದನ್ನು ನೀವು ಇಂದೇ ಕೆಳಗಿಳಿಸಬೇಕು. ಆದುದರಿಂದ ಮೂರನೆಯದರಿಂದಲೇ ಆರಂಭಿಸುತ್ತೇನೆ.

‘ಕೊರತೆಪಡೆನು’ ಎಂದು ನಮ್ಮ ಸತ್ಯವೇದದಲ್ಲಿರುವ ಮಾತಿಗೆ ಮೂಲ ಹೀಬ್ರೂವಿನಲ್ಲಿರುವುದು ‘ಲೋ ಎಹ್ಸಾರ್’ ಎಂಬ ಎರಡೇ ಪದಗಳು. ಇದೇ ಧಾತು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಎಂಬ ಪುಸ್ತಕದ 2ನೆಯ ಅಧ್ಯಾಯದ 7ನೆಯ ವಚನದಲ್ಲಿ ಬರುತ್ತದೆ. ಈ ನಲವತ್ತು ವರ್ಷ ನಿಮ್ಮ ದೇವರು ನಿಮ್ಮೊಂದಿಗಿದ್ದನು, ನಿಮಗೆ ಏನೂ ಕೊರತೆಯಾಗಲಿಲ್ಲ ಎಂದು ಮೋಶೆ ತಾನು ಐಗುಪ್ತದಿಂದ (ಈಜಿಪ್ಟ್) ಬಿಡಿಸಿ ಕರೆತಂದ ಇಸ್ರಾಯೇಲ್ಯರಿಗೆ ಹೇಳುವ ಸಂದರ್ಭ ಅದು. ಅದೇ ಅಧ್ಯಾಯದಲ್ಲಿ ಏಳು ವಚನ ಮುಂದಕ್ಕೆ ಹೋಗಿ 14ನೆಯದನ್ನು ಓದಿ. ಆ ಮೂವತ್ತೆಂಟು ವರ್ಷಗಳಲ್ಲಿ ಯುದ್ಧಕ್ಕೆ ತಕ್ಕವರಾಗಿದ್ದ ಒಂದು ಇಡೀ ತಲೆಮಾರು ಅರಣ್ಯದಲ್ಲೇ, ಅಂದರೆ ಮರುಭೂಮಿಯಲ್ಲೇ, ತೀರಿಹೋಯಿತು ಎಂದು ಅಲ್ಲಿದೆ. ಮೋಶೆಯ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಆ ಅರಣ್ಯದಲ್ಲಿಯೇ ಸತ್ತರು. ಹೆತ್ತವರನ್ನು ದಾರಿಯುದ್ದಕ್ಕೂ ಮಣ್ಣುಮಾಡುತ್ತ ಬಂದ ಜನರಿಗೇ ‘ಏನೂ ಕೊರತೆಯಾಗಲಿಲ್ಲ’ ಎಂದು ಹೇಳಲಾಗಿದೆ. ಹಾಗಾದರೆ ಸತ್ಯವೇದದ ಬಾಯಲ್ಲಿ ಈ ಮಾತು ಮರಣ ಬಾರದು, ಕಾಯಿಲೆ ಉಳಿಯದು ಎಂಬ ಭರವಸೆಯಾಗಿರಲು ಸಾಧ್ಯವೇ ಇಲ್ಲ. ನಡೆಯುವ ಜನರ ಜೊತೆ ದೇವರೂ ನಡೆದನು, ಆ ದಿನದ ಅನ್ನ ಆ ದಿನ ಸಿಕ್ಕಿತು ಎಂಬುದಷ್ಟೇ ಅದರ ತೂಕ. ನಿಮ್ಮ ಅಮ್ಮ ಗುಣವಾಗದೇ ಹೋದದ್ದು ನೀವು ಕೀರ್ತನೆಯನ್ನು ಸರಿಯಾಗಿ ನಂಬದೆ ಹೇಳಿದ್ದರಿಂದ ಎಂದು ನಿಮಗೆ ಹೇಳಿದವರು ಈ ಕೀರ್ತನೆಯನ್ನು ನಾಲ್ಕನೆಯ ವಚನದವರೆಗೆ ಓದಿದ್ದರೂ ಸಾಕಿತ್ತು. ಅಲ್ಲಿ ಮಂದೆ ಕಾರ್ಗತ್ತಲಿನ ಕಣಿವೆಯ ಒಳಗೇ ಇದೆ. ಅವರ ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಇನ್ನು ಮಾತುಗಳು ಏಕೆ ಬರಿದಾಗುತ್ತವೆ ಎಂಬುದು. ಬಾಯಿಪಾಠವಾದದ್ದು ನಮ್ಮೊಳಗೆ ಬಿಡಿ ಬಿಡಿ ಪದಗಳಾಗಿ ಉಳಿದಿರುವುದಿಲ್ಲ, ಒಂದೇ ಎಳೆಯ ಸರವಾಗಿರುತ್ತದೆ. ‘ಯೆಹೋವನು ನನಗೆ’ ಎಂದು ಎಳೆಯನ್ನು ಹಿಡಿದರೆ ಸಾಕು, ‘ವಾಸಿಸುವೆನು’ ಎಂಬ ಕೊನೆಯ ಮಣಿಯವರೆಗೆ ಅದು ತಾನಾಗಿಯೇ ಜಾರಿಕೊಂಡು ಬರುತ್ತದೆ. ನಾಲಗೆ ಮನಸ್ಸಿಗಿಂತ ಮುಂದೆ ಓಡುತ್ತದೆ. ಯಾವುದೇ ಪದವನ್ನು ಬಿಡದೆ ಐವತ್ತು ಸಲ ಹೇಳಿ ನೋಡಿ, ಅದು ಸ್ವಲ್ಪ ಹೊತ್ತು ಬರೀ ಸದ್ದಾಗಿಬಿಡುತ್ತದೆ. ಇದು ಮನಶ್ಶಾಸ್ತ್ರ ಬಲ್ಲವರೆಲ್ಲರಿಗೂ ಗೊತ್ತಿರುವ ಸಂಗತಿ. ಇದರ ಮೇಲೆ ದುಃಖವೂ ಸೇರಿಕೊಂಡಿತು. ಆಸ್ಪತ್ರೆಯಲ್ಲಿ ನಿದ್ದೆಯಿಲ್ಲದೆ ಕಾಯುವವರ ಒಳಗೆ ಮೊದಲು ಮರಗಟ್ಟುವುದು ಭಾವನೆಯೇ, ಮತ್ತು ಆ ದಿನಗಳನ್ನು ದಾಟಿಸುವುದಕ್ಕೆ ಆ ಮರಗಟ್ಟುವಿಕೆ ಬೇಕಾಗಿಯೂ ಇರುತ್ತದೆ. ಹಿರಿಯರು ಹೇಳಿದ ‘ತಣ್ಣಗಾದ ವಿಶ್ವಾಸ’ ಇದಲ್ಲ. ವಿಶ್ವಾಸ ತಣ್ಣಗಾದವರು ಕೀರ್ತನೆ ಏಕೆ ಮಾತನಾಡುತ್ತಿಲ್ಲ ಎಂದು ಪತ್ರ ಬರೆಯುವುದಿಲ್ಲ. ವರ್ಷ ಕಳೆದ ಮೇಲೂ ನಿದ್ದೆ, ಊಟ, ಕೆಲಸ ಯಾವುದೂ ಸರಿಹೋಗದಿದ್ದರೆ ಮಾತ್ರ ವೈದ್ಯರನ್ನೂ ಕಾಣಿ. ಅದನ್ನು ಪ್ರಾರ್ಥನೆಯ ಕೊರತೆ ಎಂದು ಎಣಿಸಬೇಡಿ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಎರಡನೆಯ ವಚನದಲ್ಲಿ ‘ಹಸುರುಗಾವಲುಗಳಲ್ಲಿ ತಂಗಿಸುತ್ತಾನೆ’ ಎಂದು ನಾವು ಓದುತ್ತೇವೆ. ‘ತಂಗಿಸು’ ಎಂಬುದರ ಹಿಂದಿರುವ ಹೀಬ್ರೂ ಕ್ರಿಯಾಪದ ‘ರಾವಟ್ಸ್’, ಪ್ರಾಣಿ ಕಾಲು ಮಡಚಿ ನೆಲಕ್ಕೆ ಒರಗುವುದನ್ನು ಹೇಳುವ ಪದ. ಈ ಪದ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ನಿಮ್ಮ ಭಾಗದಲ್ಲಿ ಸುಗ್ಗಿ ಮುಗಿದ ಹೊಲಗಳಿಗೆ ಮಂದೆ ಹೊಡೆದುಕೊಂಡು ಬರುವ ಸಂಚಾರಿ ಕುರಿಗಾಹಿಗಳನ್ನು ನೀವು ನೋಡಿಯೇ ಇರುತ್ತೀರಿ. ನಾನು ಪಾಲಕನಾಗಿದ್ದ ಊರಿನ ಹೊರಗೆ ಅಂಥ ಒಂದು ಕುಟುಂಬ ವರ್ಷಕ್ಕೊಮ್ಮೆ ಬಂದು ಬೀಡು ಬಿಡುತ್ತಿತ್ತು. ಒಂದು ಮಧ್ಯಾಹ್ನ ಬೇವಿನ ಮರದಡಿ ಅವರ ಮಂದೆಯೆಲ್ಲ ಮಲಗಿ ದವಡೆ ಆಡಿಸುತ್ತಿರುವಾಗ ಆ ಮನೆಯ ಹಿರಿಯರು ಹೇಳಿದರು: ‘ಮೇಯೂವಾಗ ಕುರಿ ಬಕಬಕ ಮೇಯ್ತಾವ್ರೀ, ಹೊಟ್ಟಿಗಿ ಹತ್ತೂದು ಈಗ. ಅಂಜಿಕಿ ಇದ್ರ ಮಲಗೂದಿಲ್ಲ, ಮಲಗದಿದ್ರ ಮೆಲಕ ಹಾಕೂದಿಲ್ಲ.’

ಅಂದಿನಿಂದ ಈ ವಚನವನ್ನು ನಾನು ಬೇರೆಯ ರೀತಿ ಓದಲಾರೆ. ಕುರಿ ಎರಡು ಸಲ ತಿನ್ನುತ್ತದೆ. ಮೊದಲ ಸಲ ಅವಸರದಲ್ಲಿ ಕತ್ತರಿಸಿ ನುಂಗುತ್ತದೆ, ಎರಡನೆಯ ಸಲ ನುಂಗಿದ್ದನ್ನೇ ಬಾಯಿಗೆ ತಂದುಕೊಂಡು ನಿಧಾನವಾಗಿ ಅಗಿಯುತ್ತದೆ; ಸತ್ತ್ವ ಮೈಗೆ ಹತ್ತುವುದು ಆಗಲೇ. ನಮ್ಮ ಭಾಷೆ ಇದನ್ನು ಬಲು ಹಿಂದೆಯೇ ಕಂಡುಕೊಂಡಿದೆ, ಹಳೆಯ ಮಾತನ್ನು ಮತ್ತೆ ಮತ್ತೆ ನೆನೆಯುವುದಕ್ಕೆ ನಾವು ‘ಮೆಲುಕು ಹಾಕುವುದು’ ಎಂದೇ ಹೇಳುತ್ತೇವೆ. ಮೊದಲನೆಯ ಕೀರ್ತನೆಯಲ್ಲಿ ಧರ್ಮಶಾಸ್ತ್ರವನ್ನು ಹಗಲಿರುಳು ‘ಧ್ಯಾನಿಸುವ’ ಮನುಷ್ಯನ ಬಗ್ಗೆ ಇದೆಯಲ್ಲ, ಅಲ್ಲಿಯ ಹೀಬ್ರೂ ಪದ ‘ಹಾಗಾ’ ಕಣ್ಣು ಮುಚ್ಚಿ ಮೌನವಾಗಿ ಕೂರುವುದನ್ನು ಸೂಚಿಸುವುದಿಲ್ಲ. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ಸಿಂಹ ಗುರುಗುಟ್ಟುವುದಕ್ಕೂ ಪಾರಿವಾಳ ಮುಲುಗುವುದಕ್ಕೂ ಇದೇ ಪದವಿದೆ. ಗಂಟಲಲ್ಲಿ ಸದ್ದು ಮಾಡುತ್ತ ಮಾತನ್ನು ಬಾಯೊಳಗೇ ಆಡಿಸುವುದು ಅದರ ಅರ್ಥ. 12ನೆಯ ಶತಮಾನದಲ್ಲಿ, ಏಕಾಂತ ಮೌನದಲ್ಲಿ ಬಾಳುವ ಕಾರ್ಥೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿ ಗೀಗೋ ಸತ್ಯವೇದ ಓದುವ ಕ್ರಮವನ್ನು ವಿವರಿಸುವಾಗ ಓದುವುದನ್ನು ತುತ್ತು ಬಾಯಿಗಿಡುವುದಕ್ಕೂ ಧ್ಯಾನವನ್ನು ಅಗಿಯುವುದಕ್ಕೂ ಹೋಲಿಸಿದನು. ನೀವು ಐದನೆಯ ವಯಸ್ಸಿನಿಂದ ನಲವತ್ತು ವರ್ಷ ಮಾಡಿದ್ದು ಮೊದಲನೆಯ ಸಲದ ಮೇವು. ಅದನ್ನು ವ್ಯರ್ಥ ಎನ್ನಬೇಡಿ. ಬಾಯಿಪಾಠವಾಗದ ವಾಕ್ಯವನ್ನು ಕತ್ತಲಲ್ಲಿ ಮೆಲುಕು ಹಾಕಲು ಆಗುವುದಿಲ್ಲ. ಅಮ್ಮ ನಿಮ್ಮ ಹೊಟ್ಟೆಯಲ್ಲಿ ಅದನ್ನು ಇಟ್ಟುಹೋಗಿದ್ದಾರೆ, ಮಲಗಿ ಅಗಿಯುವ ಹೊತ್ತು ಈಗ ಬಂದಿದೆ.

ಅಗಿದರೆ ಏನು ಸಿಗುತ್ತದೆ ಎಂದು ನೀವು ಕೇಳಬಹುದು. ಮೊದಲು ಕೆಲವು ತಪ್ಪು ಚಿತ್ರಗಳನ್ನು ಪಕ್ಕಕ್ಕಿಡೋಣ. ಮುಂದೆ ಇಸ್ರಾಯೇಲಿನ ಅರಸನಾದ ದಾವೀದ ಹುಡುಗನಾಗಿದ್ದಾಗ ಬೇತ್ಲೆಹೇಮಿನ ಬಯಲಲ್ಲಿ ಕುರಿ ಕಾಯುತ್ತ ಇದನ್ನು ಹಾಡಿದ ಎಂದು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಾರೆ. ಕೀರ್ತನೆಯ ಮೇಲೆ ದಾವೀದನ ಹೆಸರಿದೆಯೇ ಹೊರತು ಅಂಥ ವಿವರ ಎಲ್ಲಿಯೂ ಇಲ್ಲ, ಮತ್ತು ಇಲ್ಲಿಯ ದನಿ ಸಾಕಷ್ಟು ಕಂಡು ಉಂಡವರ ದನಿ. ಓಡಿಹೋಗುವ ಮರಿಯ ಕಾಲನ್ನು ಕುರುಬನೇ ಮುರಿದು ಹೆಗಲ ಮೇಲೆ ಹೊರುತ್ತಾನೆ ಎಂಬ ಕಥೆಯನ್ನು ಚರ್ಚಿನ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಸತ್ಯವೇದದಲ್ಲಿ ಅದಕ್ಕೆ ಯಾವ ಆಧಾರವೂ ಇಲ್ಲ, ದುಃಖದಲ್ಲಿರುವವರ ಮುಂದೆ ಅದನ್ನು ಹೇಳುವುದು ಕ್ರೂರ. ಹಸುರುಗಾವಲು ಎಂದರೆ ಕ್ಯಾಲೆಂಡರಿನಲ್ಲಿ ಅಚ್ಚಾಗುವ ಮಲೆನಾಡಿನಂಥ ಹುಲ್ಲುಗಾವಲೂ ಅಲ್ಲ. ಬೇತ್ಲೆಹೇಮಿನ ಪೂರ್ವಕ್ಕೆ ಯೂದಾಯದ ಅರಣ್ಯವೆಂದು ಕರೆಯುವ ಒಣ ಬೆಟ್ಟಗಳು ಮೃತ ಸಮುದ್ರದ ಕಡೆಗೆ ಇಳಿಯುತ್ತವೆ. ಚಳಿಗಾಲದ ಮಳೆ ಬಿದ್ದ ಮೇಲೆ ಕೆಲವು ವಾರ ಮಾತ್ರ ಅಲ್ಲಿ ತೆಳುವಾದ ಹಸಿರು ಮೂಡುತ್ತದೆ, ಆಮೇಲೆ ಒಣಗಿಹೋಗುತ್ತದೆ. ಮೇವು ಎಲ್ಲಿದೆ, ನೀರು ಎಲ್ಲಿದೆ ಎಂದು ಬಲ್ಲವನು ಮುಂದೆ ನಡೆಯದಿದ್ದರೆ ಮಂದೆ ಉಳಿಯುವುದಿಲ್ಲ. ಮೂರನೆಯ ವಚನದ ‘ನೀತಿಮಾರ್ಗ’ದಲ್ಲಿ ಮಾರ್ಗಕ್ಕೆ ಬಳಸಿದ ಪದವೂ ಹೆದ್ದಾರಿಯದಲ್ಲ, ಬಂಡಿಯ ಗಾಲಿ ಓಡಾಡಿ ಬಿದ್ದ ಜಾಡಿನದು, ಮೊದಲು ಯಾರೋ ನಡೆದಿರುವ, ತಲುಪಬೇಕಾದಲ್ಲಿಗೆ ತಲುಪಿಸುವ ಜಾಡು.

ಈಗ ನಾಲ್ಕನೆಯ ವಚನ. ನಿಮ್ಮ ಸತ್ಯವೇದವನ್ನು ತೆರೆದು ಸರ್ವನಾಮಗಳನ್ನು ಮಾತ್ರ ಗಮನಿಸಿ. ಇದಕ್ಕೆ ಹೀಬ್ರೂ ಬರಬೇಕಾಗಿಲ್ಲ. ಮೊದಲ ಮೂರು ವಚನಗಳಲ್ಲಿ ‘ಆತನು’ ತಂಗಿಸುತ್ತಾನೆ, ಬರಮಾಡುತ್ತಾನೆ, ನಡಿಸುತ್ತಾನೆ. ಹಸಿರು ಕಾಣುವ ತನಕ, ನೀರು ಕಾಣುವ ತನಕ ಕವಿ ದೇವರ ವಿಷಯವಾಗಿ ಮಾತನಾಡುತ್ತಾನೆ. ಕಾರ್ಗತ್ತಲಿನ ಕಣಿವೆಗೆ ಕಾಲಿಟ್ಟ ಕ್ಷಣ ‘ಆತನು’ ಹೋಗಿ ‘ನೀನು’ ಬರುತ್ತದೆ: ‘ನೀನು ಹತ್ತಿರವಿರುವದರಿಂದ.’ ಬೆಳಕಿನಲ್ಲಿ ಯಾರ ಕುರಿತು ಸಾಕ್ಷಿ ಹೇಳುತ್ತಿದ್ದನೋ ಕತ್ತಲಲ್ಲಿ ಅವನ ಕಡೆಗೇ ತಿರುಗಿ ಮಾತನಾಡುತ್ತಾನೆ. ಹೀಬ್ರೂವಿನಲ್ಲಿ ಇದು ‘ಕೀ ಅತ್ತಾ ಇಮ್ಮಾದೀ’ ಎಂಬ ಮೂರು ಪದ. ಮೇಲಿನ ಶೀರ್ಷಿಕೆಯನ್ನು ಬಿಟ್ಟರೆ ಕೀರ್ತನೆಯಲ್ಲಿ ಒಟ್ಟು 55 ಪದಗಳಿವೆ. ಈ ಮೂರು ಪದಗಳ ಮುಂಚೆ 26, ಆಮೇಲೆ 26. ನಾನೇ ಎಷ್ಟೋ ಸಲ ವಿದ್ಯಾರ್ಥಿಗಳ ಎದುರು ಎಣಿಸಿ ತೋರಿಸಿದ್ದೇನೆ. ಇಂಥ ಎಣಿಕೆಯ ಮೇಲೆ ಬೋಧನೆಯನ್ನು ಕಟ್ಟಬಾರದು, ಆದರೆ ಕೀರ್ತನೆಯ ನಡುಮಧ್ಯದಲ್ಲಿ ಇರುವುದು ಹಸುರುಗಾವಲೂ ಅಲ್ಲ, ಔತಣವೂ ಅಲ್ಲ, ಕತ್ತಲಲ್ಲಿ ಆಡಿದ ಈ ಮೂರು ಪದ ಎಂಬುದನ್ನು ಕಂಡಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಕಣಿವೆಯಲ್ಲಿ ಕತ್ತಲು ಹೋಯಿತೆಂದು ಕವಿ ಹೇಳುವುದಿಲ್ಲ. ಐದನೆಯ ವಚನದಲ್ಲಿ ಔತಣ ಸಿದ್ಧವಾದಾಗಲೂ ವಿರೋಧಿಗಳು ಅಲ್ಲಿಯೇ ಇದ್ದಾರೆ.

ಆರನೆಯ ವಚನವನ್ನು ನಾವು ಸಾಮಾನ್ಯವಾಗಿ ಓಡಿಸಿಬಿಡುತ್ತೇವೆ. ‘ಶುಭವೂ ಕೃಪೆಯೂ ನನ್ನನ್ನು ಹಿಂಬಾಲಿಸುವವು’ ಎಂಬಲ್ಲಿ ‘ಹಿಂಬಾಲಿಸು’ ಎಂಬುದು ತೀರ ಮೃದುವಾದ ಮಾತು. ಮೂಲದ ‘ರಾದಫ್’ ಎಂದರೆ ಬೆನ್ನಟ್ಟುವುದು. ಐಗುಪ್ತದ ಅರಸ ಫರೋಹನ ರಥಗಳು ಇಸ್ರಾಯೇಲ್ಯರನ್ನು ಸಮುದ್ರದ ತನಕ ಬೆನ್ನಟ್ಟಿದ್ದಕ್ಕೂ, ಅರಸ ಸೌಲನು ದಾವೀದನನ್ನು ಅಡವಿಯಿಂದ ಅಡವಿಗೆ ಬೇಟೆಯಾಡಿದ್ದಕ್ಕೂ ಇದೇ ಪದ. ವೈರಿಗಳು ಬೆನ್ನಟ್ಟಿ ಗೊತ್ತಿರುವ ಒಬ್ಬ ಮನುಷ್ಯ, ಈಗ ನನ್ನ ಬೆನ್ನಟ್ಟುತ್ತಿರುವುದು ಕೃಪೆ ಎಂದು ಹೇಳುತ್ತಿದ್ದಾನೆ. ನೀವು ಮುಂದೆ ಓಡಿದರೂ ಸುಸ್ತಾಗಿ ನಿಂತರೂ ಅದು ಹಿಂದೆಯೇ ಬರುತ್ತದೆ. ನಿಮಗೆ ಅದರ ಅರಿವಾಗಬೇಕೆಂಬ ಷರತ್ತು ಆ ವಾಕ್ಯದಲ್ಲಿ ಇಲ್ಲ. ಇನ್ನೊಂದು ಸಂಗತಿ: ಕೊನೆಯಲ್ಲಿ ‘ವಾಸಿಸುವೆನು’ ಎಂದು ನಾವು ಓದುವ ಪದವನ್ನು ಹೀಬ್ರೂ ಪಠ್ಯದಲ್ಲಿ ಇರುವಂತೆಯೇ ಉಚ್ಚರಿಸಿದರೆ ‘ಹಿಂತಿರುಗುವೆನು’ ಎಂದಾಗುತ್ತದೆ. ಹಳೆಯ ಗ್ರೀಕ್ ಅನುವಾದದ ಕಾಲದಿಂದಲೂ ಹೆಚ್ಚಿನವರು ವಾಸದ ಅರ್ಥವನ್ನೇ ಆರಿಸಿಕೊಂಡಿದ್ದಾರೆ, ಅದಕ್ಕೆ ಕಾರಣವೂ ಇದೆ. ಆದರೆ ಮೂರನೆಯ ವಚನದ ‘ನನ್ನ ಪ್ರಾಣವನ್ನು ಉಜ್ಜೀವಿಸಮಾಡಿ’ ಎಂಬಲ್ಲಿಯೂ ಇದೇ ‘ಹಿಂತಿರುಗು’ ಧಾತುವಿದೆ, ಹೋದ ಉಸಿರನ್ನು ಮರಳಿ ತರುತ್ತಾನೆ ಎಂಬಂತೆ. ದೂರ ಹೋದವರು ಮರಳುವುದನ್ನೂ ಈ ಕೀರ್ತನೆ ತನ್ನ ಮಡಿಲಲ್ಲಿ ಇಟ್ಟುಕೊಂಡಿದೆ ಎಂದು ನಾನು ನಂಬುತ್ತೇನೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಗೆಳತಿ ಹೇಳಿದ ಹೊಸ ಅನುವಾದ ಒಳ್ಳೆಯ ಸಲಹೆಯೇ. 1831ರಲ್ಲಿ ಮೊದಲ ಸಂಪೂರ್ಣ ಕನ್ನಡ ಸತ್ಯವೇದ ಬಳ್ಳಾರಿಯಲ್ಲಿ ಹೊರಬಂದಂದಿನಿಂದ ಅನುವಾದಕರು ಒಂದೊಂದು ಪದದೊಂದಿಗೂ ಸೆಣಸುತ್ತ ಬಂದಿದ್ದಾರೆ. ‘ಕಾರ್ಗತ್ತಲಿನ ಕಣಿವೆ’ ಎಂದೂ ‘ಮರಣದ ನೆರಳಿನ ಕಣಿವೆ’ ಎಂದೂ ಎರಡು ರೀತಿ ಓದುವುದಕ್ಕೆ ಹೀಬ್ರೂ ಪದವೇ ಎಡೆಕೊಡುತ್ತದೆ. ಎರಡು ಅನುವಾದಗಳನ್ನು ಅಕ್ಕಪಕ್ಕ ಇಟ್ಟರೆ ಸರ ಕಡಿದು ಮಣಿಗಳು ಬಿಡಿಯಾಗಿ ಕಾಣುತ್ತವೆ. ಅಪಾಯ ಇಷ್ಟೇ: ಹೊಸತನ ಬೇಗ ಹಳತಾಗುತ್ತದೆ, ಆಗ ಮತ್ತೊಂದನ್ನು ಹುಡುಕಬೇಕಾಗುತ್ತದೆ, ಮತ್ತು ಅಮ್ಮನ ಬಾಯಲ್ಲಿ ಕೇಳಿದ ಮಾತು ಕೈತಪ್ಪಬಹುದು. ಆದುದರಿಂದ ಹೊಸದನ್ನು ಓದಿ, ಹೇಳುವಾಗ ಹಳೆಯದನ್ನೇ ಹೇಳಿ. ಮೂಲಪದಗಳ ಹಿಂದೆ ಹೋಗುವುದರಲ್ಲಿಯೂ ಒಂದು ಅಪಾಯವಿದೆ, ಅದನ್ನು ಕಲಿಸಿದವನಾಗಿ ನಾನೇ ಹೇಳಬೇಕು. ಪದದ ಮೂಲಾರ್ಥ ಸಿಕ್ಕಿತೆಂಬ ಸಂತೋಷದಲ್ಲಿ ವಾಕ್ಯ ಮರೆತುಹೋಗುತ್ತದೆ, ಪ್ರಾರ್ಥನೆ ಪಾಠವಾಗಿಬಿಡುತ್ತದೆ.

ಕೆಲವು ಕಾಲ ಈ ಕೀರ್ತನೆಯನ್ನು ಬಿಟ್ಟಿರುವುದೂ ಒಂದು ದಾರಿ. ಅದು ಪಾಪವಲ್ಲ. ಆ ದಿನಗಳಲ್ಲಿ ಅದರ ನೆರೆಯಲ್ಲಿರುವ 22ನೆಯ ಕೀರ್ತನೆಯನ್ನು ಓದಿ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಎಂಬ ಕೂಗನ್ನು ಮೊದಲು ಕೂಗಿದವರಿಗೆ 23 ಬೇರೆಯಾಗಿ ಕೇಳಿಸುತ್ತದೆ, ಮತ್ತು ಯೇಸು ಶಿಲುಬೆಯ ಮೇಲೆ ಬಾಯಿಗೆ ತಂದುಕೊಂಡದ್ದು ಆ 22ನೆಯದನ್ನೇ. ಕತ್ತಲೆಯಲ್ಲಿಯೇ ಕೊನೆಗೊಳ್ಳುವ 88ನೆಯ ಕೀರ್ತನೆಯೂ ಪ್ರಾರ್ಥನೆಯೇ ಎಂಬುದು ನಿಮಗೆ ಸಮಾಧಾನ ತಂದೀತು. ಬಿಟ್ಟಿರುವುದರಲ್ಲಿರುವ ಅಪಾಯವೆಂದರೆ ಬಿಟ್ಟದ್ದು ಹಾಗೆಯೇ ಬಿಟ್ಟುಹೋಗುವುದು. ಆದ್ದರಿಂದ ಮರಳುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಆದರೆ ನಿಮಗೆ ಕೂಟಕ್ಕೆ ಒಂದು ತಿಂಗಳಷ್ಟೇ ಇರುವುದರಿಂದ ನಾನು ಸೂಚಿಸುವುದು ಮೆಲುಕಿನ ದಾರಿಯನ್ನು. ವಾರಕ್ಕೆ ಒಂದೋ ಎರಡೋ ವಚನ ಸಾಕು. ಬೆಳಿಗ್ಗೆ ಅದನ್ನು ನಿಮ್ಮ ಕೈಯಿಂದ ಕಾಗದದ ಮೇಲೆ ಬರೆಯಿರಿ. ಕೈ ನಾಲಗೆಯಷ್ಟು ವೇಗವಾಗಿ ಓಡದು. ದಿನವಿಡೀ ಪಾಠದ ಅವಧಿಗಳ ನಡುವೆ, ಬಸ್ಸಿನಲ್ಲಿ, ಒಲೆಯ ಮುಂದೆ ಒಂದೇ ಪದವನ್ನು ಮೆಲ್ಲಗೆ ಬಾಯೊಳಗೆ ಆಡಿಸಿ. ರಾತ್ರಿ ಆ ವಚನದ ಕೆಳಗೆ ಆ ದಿನದ ಒಂದು ಸಂಗತಿಯನ್ನು ಬರೆದಿಡಿ, ಕಹಿಯಾದದ್ದಾದರೂ ಸರಿ. ‘ಹತ್ತಿರವಿರುವದರಿಂದ’ ಎಂಬುದರ ಕೆಳಗೆ ‘ಆಸ್ಪತ್ರೆಯಲ್ಲಿ ಹತ್ತಿರವಿದ್ದಿ ಎಂದು ನನಗೆ ಅನಿಸಲೇ ಇಲ್ಲ’ ಎಂದು ಬರೆಯಬೇಕಾದರೆ ಹಾಗೆಯೇ ಬರೆಯಿರಿ. ಆ ಮಾತಿನೊಳಗೆ ‘ನೀನು’ ಅಡಗಿದೆ. ಈ ದಾರಿಗೂ ಅಪಾಯವಿದೆ: ಒಬ್ಬರೇ ಕೂತು ಓದುವಾಗ ಮನಸ್ಸಿಗೆ ಹೊಳೆದದ್ದೆಲ್ಲ ದೇವರ ಮಾತೆಂದು ತೋರಬಹುದು. ಬರೆದದ್ದನ್ನು ವಾರಕ್ಕೊಮ್ಮೆ ನಿಮ್ಮ ಪಾಲಕರಿಗೋ ನಂಬುವ ಗೆಳತಿಗೋ ಓದಿಹೇಳಿ. ಏನೂ ಹೊಳೆಯದ ದಿನಗಳು ಬರುತ್ತವೆ, ನನಗೂ ಬರುತ್ತವೆ. ಆ ದಿನ ಬರೆದು ಮಲಗಿಬಿಡಿ.

ಕೂಟದ ದಿನ ಪ್ರಸಂಗ ಮಾಡಲು ಹೋಗಬೇಡಿ. ಐದು ವರ್ಷದ ನಿಮಗೆ ಅಮ್ಮ ಈ ಮಾತುಗಳನ್ನು ಹೇಗೆ ಕಲಿಸಿದರು, ಯಾವ ಪದದಲ್ಲಿ ನೀವು ಎಡವುತ್ತಿದ್ದಿರಿ, ಅವರು ಹೇಗೆ ತಿದ್ದುತ್ತಿದ್ದರು ಎಂದು ಹೇಳಿ. ಅವರ ಹಾಸಿಗೆಯ ಪಕ್ಕ ಕೂತಾಗ ಈ ಮಾತುಗಳು ನಿಮಗೆ ಒಣಗಿದಂತೆ ಕಂಡವು ಎಂದೂ ಅಂಜದೆ ಹೇಳಿ. ಆ ಕೋಣೆಯಲ್ಲಿ ಕುಳಿತವರಲ್ಲಿ ಅದನ್ನು ಅನುಭವಿಸಿ ಯಾರಿಗೂ ಹೇಳದೆ ಉಳಿದವರು ಖಂಡಿತ ಇರುತ್ತಾರೆ. ನೀವು ಏನೂ ಅನಿಸದೆ ಹೇಳಿದ ದಿನಗಳಲ್ಲಿಯೂ ಅಮ್ಮನ ಪಕ್ಕದಲ್ಲಿ ಇದ್ದದ್ದು ಅವರೇ ಕಲಿಸಿದ ಮಾತು, ಅವರ ಮಗಳ ದನಿ. ಆಮೇಲೆ ಕೀರ್ತನೆಯನ್ನು ಸತ್ಯವೇದ ನೋಡಿಕೊಂಡೇ ನಿಧಾನವಾಗಿ ಓದಿ, ಬಾಯಿಪಾಠವಾಗಿ ಒಪ್ಪಿಸಬೇಡಿ. ‘ನೀನು ಹತ್ತಿರವಿರುವದರಿಂದ’ ಎಂಬಲ್ಲಿ ನಿಲ್ಲಿಸಿ, ಹತ್ತು ಉಸಿರಿನಷ್ಟು ಹೊತ್ತು ಎಲ್ಲರೂ ಸುಮ್ಮನಿರಲಿ. ಮುಂದಕ್ಕೆ ಓದುವಾಗ ಗಂಟಲು ಕಟ್ಟಿದರೆ ಪುಸ್ತಕವನ್ನು ಪಕ್ಕದಲ್ಲಿ ಕುಳಿತವರ ಕೈಗೆ ಕೊಡಿ, ಉಳಿದದ್ದನ್ನು ಅವರು ಓದುತ್ತಾರೆ.